ಪೆಟ್ಟಿಗೆಯಲ್ಲಿ ಸಿಗದ ಕೆಂಪು ಬಸ್ಸು: ದೊಡ್ಡವರ ಲೆಗೊ ಹವ್ಯಾಸಕ್ಕೊಂದು ಕೈಪಿಡಿ

ಹೋದ ವರ್ಷ ದಸರಾ ಮುಗಿಸಿಕೊಂಡು ಅಪ್ಪ ಬೆಂಗಳೂರಿಗೆ ಬಂದಿದ್ದರು. ನನ್ನ ಮೇಜಿನ ಮೇಲೆ ಒಂದು ಕೆಂಪು ಬಸ್ಸು ನಿಂತಿತ್ತು. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಪೂರ್ತಿ ಲೆಗೊ ಇಟ್ಟಿಗೆಗಳದ್ದು. ನಾಲ್ಕು ತಿಂಗಳ ಸಂಜೆಗಳು ಅದರೊಳಗೆ ಹೋಗಿದ್ದವು. ಅಪ್ಪ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಕನ್ನಡಕ ಹಾಕಿಕೊಂಡು ಬಸ್ಸನ್ನು ಒಂದು ಸುತ್ತು ತಿರುಗಿಸಿ ನೋಡಿದರು. ಹೊಗಳಿಕೆ ಬರುತ್ತೆ ಅಂತ ಕಾಯುತ್ತಿದ್ದೆ.

"ಬಾಗಿಲು ಬಲಗಡೆ ಇಟ್ಟಿದ್ದೀಯಲ್ಲೋ. ಜನ ನಡುರಸ್ತೆಗೆ ಇಳೀಬೇಕಾ?"

ತಪ್ಪು ನನ್ನದೇ. ಯುರೋಪಿನ ಹವ್ಯಾಸಿಯೊಬ್ಬರು ಮಾಡಿದ ಬಸ್ಸಿನ ವಿನ್ಯಾಸವನ್ನು ಆಧಾರವಾಗಿ ಇಟ್ಟುಕೊಂಡಿದ್ದೆ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ, ಬಾಗಿಲೂ ಬಲಕ್ಕೇ ಇರುತ್ತದೆ. ನಾನು ಬಣ್ಣ ಬದಲಿಸಿದೆ, ಹಿಂದೆ ಏಣಿ ಹಾಕಿದೆ, ಮುಂದೆ ಬೋರ್ಡು ಕೂರಿಸಿದೆ. ಬಾಗಿಲಿನ ಕಡೆ ಮಾತ್ರ ಗಮನವೇ ಹೋಗಿರಲಿಲ್ಲ. ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಎರಡೂ ಕಸುಬಿನಲ್ಲಿ ಒಟ್ಟಿಗೆ ಸೋತ ಹಾಗಾಯಿತು.

ಆಮೇಲೆ ಹಲವರು ಕೇಳಿದ್ದಾರೆ: ಇದೇನು ಮಕ್ಕಳಾಟ, ಎಷ್ಟು ಖರ್ಚಾಗುತ್ತೆ, ಎಲ್ಲಿಂದ ಶುರು ಮಾಡಬೇಕು, ಅಗ್ಗದ ನಕಲಿ ತಗೊಂಡ್ರೆ ಏನಾಗುತ್ತೆ? ಒಂದೊಂದೇ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ. ನಡುವೆ ನನ್ನ ಒಂದೆರಡು ತಕರಾರೂ ಇವೆ.

ಬಡಗಿಯ ಮನೆಯಿಂದ

ಲೆಗೊ ಕಥೆ ಶುರುವಾಗುವುದು ಮರದಿಂದ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ 1932ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಮರದ ಆಟಿಕೆ ಮಾಡಲು ಶುರು ಮಾಡಿದರು. 1934ರಲ್ಲಿ ಇಟ್ಟ ಹೆಸರು ಲೆಗೊ. 'ಚೆನ್ನಾಗಿ ಆಡು' ಎಂಬ ಅರ್ಥದ 'ಲೆಗ್ ಗೊತ್' ಎಂಬ ಎರಡು ಡೇನಿಶ್ ಪದಗಳನ್ನು ಕೂಡಿಸಿ ಮಾಡಿದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಅಚ್ಚು ಹೊಯ್ಯುವ ಯಂತ್ರ ಬಂತು, 1949ರಲ್ಲಿ ಮೊದಲ ಪ್ಲಾಸ್ಟಿಕ್ ಇಟ್ಟಿಗೆ ಮಾರುಕಟ್ಟೆಗೆ ಬಂತು.

ಆ ಮೊದಲ ಇಟ್ಟಿಗೆ ಅವರ ಸ್ವಂತ ಯೋಚನೆಯಲ್ಲ. ಬ್ರಿಟನ್ನಿನ ಹಿಲರಿ ಫಿಶರ್ ಪೇಜ್ ಎಂಬಾತ ಕಿಡ್ಡಿಕ್ರಾಫ್ಟ್ ಎಂಬ ಹೆಸರಿನಲ್ಲಿ ಮಾಡಿದ್ದ ಇಟ್ಟಿಗೆಯನ್ನು ನೋಡಿ, ಅದನ್ನೇ ತಿದ್ದಿ ಮಾಡಿದ್ದು. ಈ ಮಾತು ನೆನಪಿರಲಿ, ನಕಲಿಯ ವಿಷಯ ಬಂದಾಗ ಬೇಕಾಗುತ್ತದೆ.

ಲೆಗೊದ ಸ್ವಂತ ಕೊಡುಗೆ ಬಂದದ್ದು 1958ರಲ್ಲಿ. ಅದಕ್ಕೂ ಮೊದಲು ಇಟ್ಟಿಗೆಯ ಒಳಗೆ ಟೊಳ್ಳು. ಒಂದರ ಮೇಲೊಂದು ಕೂರುತ್ತಿತ್ತು, ಆದರೆ ಬಿಗಿ ಇರುತ್ತಿರಲಿಲ್ಲ. ಓಲೆಯ ಮಗ ಗಾಡ್‌ಫ್ರೆಡ್ ಕಾಲದಲ್ಲಿ ಒಳಗೆ ಕೊಳವೆಗಳನ್ನು ಸೇರಿಸಿದರು. ಕೆಳಗಿನ ಇಟ್ಟಿಗೆಯ ತಲೆ ಮೇಲಿನ ಉಬ್ಬು ಮೇಲಿನ ಇಟ್ಟಿಗೆಯ ಗೋಡೆಗೂ ಕೊಳವೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. 1958ರ ಜನವರಿ 28ರಂದು ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅಂದಿನ ಆ ವಿನ್ಯಾಸದ ಇಟ್ಟಿಗೆ ಇವತ್ತಿನದರ ಜೊತೆಗೂ ಕೂಡುತ್ತದೆ. ನಿಮ್ಮ ಮನೆಯಲ್ಲಿ ಹತ್ತು ವರ್ಷದ ಹಿಂದಿನ ಯಾವ ಚಾರ್ಜರ್ ಇವತ್ತಿನ ಫೋನಿಗೆ ಆಗುತ್ತೆ ಹೇಳಿ ನೋಡೋಣ.

1960ರಲ್ಲಿ ಮರದ ಆಟಿಕೆಗಳ ಗೋದಾಮಿಗೆ ಬೆಂಕಿ ಬಿತ್ತು, ಕಂಪನಿ ಮರದ ಕೆಲಸವನ್ನೇ ಕೈಬಿಟ್ಟಿತು. 1963ರಿಂದ ಎಬಿಎಸ್ ಪ್ಲಾಸ್ಟಿಕ್ ಬಂತು. 1977ರಲ್ಲಿ ಗೇರು, ಅಚ್ಚುಗಂಬಿಗಳಿರುವ ಟೆಕ್ನಿಕ್ ಸರಣಿ, 1978ರಲ್ಲಿ ಕೈಕಾಲು ಆಡಿಸುವ ಪುಟ್ಟ ಹಳದಿ ಮನುಷ್ಯ, ಅಂದರೆ ಮಿನಿಫಿಗರ್ ಬಂದವು. 2003ರ ಹೊತ್ತಿಗೆ ಕಂಪನಿ ಮುಳುಗುವ ಹಂತ ತಲುಪಿತ್ತು. ಕೈ ಹಾಕಿದ ಕಡೆಯೆಲ್ಲಾ ಖರ್ಚು, ಲೆಕ್ಕ ತಪ್ಪಿದಷ್ಟು ಬಗೆಯ ಬಿಡಿಭಾಗಗಳು. 2004ರಲ್ಲಿ ಯೋರ್ಗೆನ್ ವಿಗ್ ನುಡ್‌ಸ್ಟಾರ್ಪ್ ಮುಖ್ಯಸ್ಥರಾದ ಮೇಲೆ ಬಿಡಿಭಾಗಗಳ ಬಗೆಗಳನ್ನು ಕಡಿತ ಮಾಡಿದರು, ಥೀಮ್ ಪಾರ್ಕುಗಳನ್ನು ಮಾರಿದರು, ಇಟ್ಟಿಗೆಗೆ ಮರಳಿದರು. ದೊಡ್ಡವರೂ ಗಿರಾಕಿಗಳು ಎಂಬುದು ಕಂಪನಿಗೆ ಗಟ್ಟಿಯಾಗಿ ತಿಳಿದದ್ದು ಇದರ ನಂತರವೇ. ಇವತ್ತು 18+ ಎಂದು ಬರೆದ ಕಪ್ಪು ಪೆಟ್ಟಿಗೆಗಳು ಬರುತ್ತವೆ. 2022ರ ಐಫೆಲ್ ಟವರ್ ಸೆಟ್ಟಿನಲ್ಲಿ 10,001 ಬಿಡಿಭಾಗಗಳಿವೆ. ಅದನ್ನು ಮಕ್ಕಳಾಟ ಅನ್ನುವುದು ಕಷ್ಟ.

ಮೂರು ಅಂಕಿ ನೆನಪಿಟ್ಟರೆ ಸಾಕು

ಈ ಹವ್ಯಾಸದ ವ್ಯಾಕರಣ ಮೂರು ಅಂಕಿಗಳಲ್ಲಿದೆ: 8, 9.6, 3.2. ಎಲ್ಲವೂ ಮಿಲಿಮೀಟರ್.

ಇಟ್ಟಿಗೆಯ ಮೇಲಿನ ಉಬ್ಬಿಗೆ ಸ್ಟಡ್ ಅನ್ನುತ್ತಾರೆ. ಒಂದು ಸ್ಟಡ್ಡಿನ ನಡುವಿನಿಂದ ಪಕ್ಕದ ಸ್ಟಡ್ಡಿನ ನಡುವಿಗೆ 8 ಮಿ.ಮೀ. ಒಂದು ಇಟ್ಟಿಗೆಯ ಎತ್ತರ 9.6. ಚಪ್ಪಟೆ ಪ್ಲೇಟಿನ ಎತ್ತರ 3.2, ಅಂದರೆ ಇಟ್ಟಿಗೆಯ ಮೂರನೇ ಒಂದು ಭಾಗ. ಈಗ ಲೆಕ್ಕ ನೋಡಿ. 5 ಪ್ಲೇಟ್ ಒಂದರ ಮೇಲೊಂದು ಇಟ್ಟರೆ 16 ಮಿ.ಮೀ. 2 ಸ್ಟಡ್ ಅಗಲವೂ 16 ಮಿ.ಮೀ. ಹಾಗಾಗಿ ಇಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿ ಕಟ್ಟಿದರೂ ಅಳತೆ ಕೂಡುತ್ತದೆ. ಹೊರಗಿನಿಂದ ಉಬ್ಬುಗಳೇ ಕಾಣದ ನುಣುಪಾದ ಮಾದರಿಗಳನ್ನು ನೀವು ನೋಡಿದ್ದರೆ, ಅದರ ಹಿಂದಿರುವುದು ಈ ಒಂದು ಸಮೀಕರಣ.

ಇದು ನಡೆಯಬೇಕಾದರೆ ಅಚ್ಚು ಕರಾರುವಾಕ್ಕಾಗಿರಬೇಕು. ಲೆಗೊ ಅಚ್ಚುಗಳ ವ್ಯತ್ಯಾಸ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಸ್ವಲ್ಪ ದಪ್ಪವಾದರೆ ಮಗುವಿನ ಕೈಯಲ್ಲಿ ಬಿಡಿಸಲಾಗದು, ಸ್ವಲ್ಪ ಸಣ್ಣವಾದರೆ ಗೋಡೆ ತಾನಾಗೇ ಉದುರುತ್ತದೆ. ಈ ಹಿಡಿತಕ್ಕೆ 'ಕ್ಲಚ್ ಪವರ್' ಅಂತ ಹೆಸರು. ಇಡೀ ಹವ್ಯಾಸ ನಿಂತಿರುವುದು ಆ ಹಿಡಿತದ ಮೇಲೆ.

ಸಾಧ್ಯತೆಗಳ ಬಗ್ಗೆ ಒಂದು ಲೆಕ್ಕ: ಒಂದೇ ಬಣ್ಣದ, 2x4 ಅಳತೆಯ ಎರಡು ಇಟ್ಟಿಗೆಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಆರನ್ನು ಕೊಟ್ಟರೆ? 91,51,03,765 ರೀತಿ. ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರಿನಲ್ಲಿ ಎಣಿಸಿ ಹೇಳಿದ ಸಂಖ್ಯೆ ಇದು.

ಹವ್ಯಾಸಿಗಳ ಭಾಷೆ

ಯಾವ ಕಸುಬಿಗೂ ಅದರದ್ದೇ ಮಾತುಗಳಿರುತ್ತವೆ. ಇಲ್ಲಿ ಪದೇ ಪದೇ ಕಿವಿಗೆ ಬೀಳುವವು ಇವು:

ಎಫೋಲ್: ಲೆಗೊ ಹುಚ್ಚಿರುವ ದೊಡ್ಡವರು.

ಡಾರ್ಕ್ ಏಜ್: ಬಾಲ್ಯದಲ್ಲಿ ಆಡಿ, ಹರೆಯದಲ್ಲಿ ಬಿಟ್ಟು, ದುಡ್ಡು ಬಂದ ಮೇಲೆ ಮತ್ತೆ ಮರಳುವ ತನಕದ ಖಾಲಿ ವರ್ಷಗಳು. ನಮ್ಮಲ್ಲಿ ಬಹಳ ಜನಕ್ಕೆ ಈ ಪದ ಹೊಂದುವುದಿಲ್ಲ. ನನ್ನ ಬಾಲ್ಯದಲ್ಲಿ ಇದ್ದದ್ದು ನಟ್ಟು ಬೋಲ್ಟಿನ ಮೆಕ್ಯಾನಿಕ್ಸ್ ಸೆಟ್ಟು. ನಾವು ಮರಳಿ ಬಂದವರಲ್ಲ, ಮೂವತ್ತಕ್ಕೆ ಮೊದಲ ಬಾರಿ ಬಂದವರು.

ಮಾಕ್: ಕಂಪನಿಯ ಕೈಪಿಡಿ ನೋಡದೆ ತಾನೇ ಯೋಚಿಸಿ ಕಟ್ಟಿದ ಸ್ವಂತ ಮಾದರಿ. ನನ್ನ ಬಸ್ಸು ಅರ್ಧ ಮಾಕ್. ಬೇರೆಯವರ ವಿನ್ಯಾಸವನ್ನು ತಿದ್ದಿದರೆ ಅದು 'ಮಾಡ್'.

ಸ್ನಾಟ್: ಸ್ಟಡ್ಡುಗಳು ಮೇಲಕ್ಕೆ ಮುಖ ಮಾಡದಂತೆ ಮಗ್ಗುಲಿಗೋ ಕೆಳಕ್ಕೋ ತಿರುಗಿಸಿ ಕಟ್ಟುವ ವಿಧಾನ.

ಅಕ್ರಮ ಜೋಡಣೆ: ಕೂಡುತ್ತದೆ, ಆದರೆ ಭಾಗದ ಮೇಲೆ ಒತ್ತಡ ಬೀಳುತ್ತದೆ, ಹಾಗಾಗಿ ಕಂಪನಿಯ ವಿನ್ಯಾಸಕಾರರು ಬಳಸುವಂತಿಲ್ಲ. ಉದಾಹರಣೆಗೆ, ಎರಡು ಸ್ಟಡ್ಡುಗಳ ನಡುವಿನ ಸಂದು 3.2 ಮಿ.ಮೀ., ಪ್ಲೇಟಿನ ದಪ್ಪವೂ 3.2 ಮಿ.ಮೀ. ಹಾಳೆಯ ಮೇಲೆ ಲೆಕ್ಕ ಸರಿ. ಆದರೆ ಉಸಿರಾಡಲು ಜಾಗವೇ ಇಲ್ಲದ ಕಡೆ ಪ್ಲೇಟನ್ನು ನಿಲ್ಲಿಸಿ ತುರುಕಿದರೆ ಪ್ಲಾಸ್ಟಿಕ್ಕಿಗೆ ನೋವಾಗುತ್ತದೆ. ಮೆಕ್ಯಾನಿಕಲ್ ಓದಿದವರಿಗೆ ಇದು ಗೊತ್ತು: ಕ್ಲಿಯರೆನ್ಸ್ ಇಲ್ಲದ ಫಿಟ್ಟು ಮೊದಲು ಬಿಗಿ, ಆಮೇಲೆ ಬಿರುಕು.

ಬಸ್ಸು ಕಟ್ಟಿದ ಲೆಕ್ಕ

ಸ್ವಂತ ಮಾದರಿ ಅಂದರೆ ರಾಶಿ ಸುರಿದುಕೊಂಡು ಕೂರುವುದು ಅಂತ ಜನ ಅಂದುಕೊಳ್ಳುತ್ತಾರೆ. ಹಾಗೂ ಮಾಡಬಹುದು. ನನ್ನದು ಅಳತೆಯಿಂದ ಶುರುವಾಯಿತು.

ಮಿನಿಫಿಗರ್ ಎತ್ತರ ಸುಮಾರು 4 ಸೆಂ.ಮೀ. ಅದನ್ನು 168 ಸೆಂ.ಮೀ. ಎತ್ತರದ ಆಳು ಅಂತ ಹಿಡಿದರೆ ಪ್ರಮಾಣ 1:42. ನಮ್ಮ ಬಸ್ಸು ಸುಮಾರು 11 ಮೀಟರ್ ಉದ್ದ, 2.5 ಮೀಟರ್ ಅಗಲ ಅಂತ ಇಟ್ಟುಕೊಂಡೆ. ಉದ್ದ 26 ಸೆಂ.ಮೀ. ಬರುತ್ತದೆ, ಅಂದರೆ 33 ಸ್ಟಡ್. ಅಗಲ 6 ಸೆಂ.ಮೀ., ಅಂದರೆ ಏಳೂವರೆ ಸ್ಟಡ್. ಅರ್ಧ ಸ್ಟಡ್ ತಲೆನೋವು, 8 ಮಾಡಿದೆ. ಚಕ್ರಕ್ಕೆ 24 ಮಿ.ಮೀ. ವ್ಯಾಸದ ಟೈರು. ಪ್ರಮಾಣಕ್ಕೆ ಏರಿಸಿದರೆ ಒಂದು ಮೀಟರ್ ಆಗುತ್ತೆ, ನಿಜವಾದ ಬಸ್ಸಿನ ಟೈರಿಗೆ ಹತ್ತಿರ.

ತೊಂದರೆ ಬಂದದ್ದು ಸೀಟಿನಲ್ಲಿ. 8 ಸ್ಟಡ್ ಅಗಲದಲ್ಲಿ ಎರಡೂ ಕಡೆ ಗೋಡೆಗೆ ಒಂದೊಂದು ಹೋದರೆ ಒಳಗೆ ಉಳಿಯುವುದು 6. ಮಿನಿಫಿಗರ್ ಎತ್ತರಕ್ಕೆ ಹೋಲಿಸಿದರೆ ವಿಪರೀತ ದಪ್ಪ, ಕೈಗಳೂ ಸೇರಿ ಒಬ್ಬನಿಗೆ 2 ಸ್ಟಡ್ ಜಾಗ ಬೇಕು. ಹಾಗಾಗಿ ಆ ಕಡೆ ಒಬ್ಬ, ಈ ಕಡೆ ಒಬ್ಬ, ನಡುವೆ ದಾರಿ. ಒಂದು ಕಡೆ ಮೂವರು, ಇನ್ನೊಂದು ಕಡೆ ಇಬ್ಬರು ಕೂರುವ ಸಾಮಾನ್ಯ ಬಸ್ಸು ಇಲ್ಲಿ ಆಗದ ಮಾತು. ಅಪ್ಪ ಮೇಲ್ಛಾವಣಿ ತೆಗೆದು ನೋಡಿ, "ಇದೇನು ಐರಾವತಕ್ಕಿಂತ ಐಷಾರಾಮ" ಅಂದರು.

ವಿನ್ಯಾಸಕ್ಕೆ ಕಂಪ್ಯೂಟರ್ ಬಳಸಿದೆ. ಈ ದಾರಿಯನ್ನು ತೆರೆದವರು ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್. 1995ರಲ್ಲಿ ಅವರು ಎಲ್‌ಡ್ರಾ ಎಂಬ ತಂತ್ರಾಂಶ ಬರೆದರು, 1997ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅವರು ರೂಪಿಸಿದ ಕಡತದ ಮಾದರಿಯನ್ನು ಹವ್ಯಾಸಿಗಳು ಇವತ್ತಿಗೂ ಬೆಳೆಸುತ್ತಿದ್ದಾರೆ, ಬಿಡಿಭಾಗಗಳನ್ನು ಒಂದೊಂದಾಗಿ ಅಳೆದು ಪುಕ್ಕಟೆ ಸೇರಿಸುತ್ತಿದ್ದಾರೆ. ನಾನು ಬಳಸಿದ್ದು ಬ್ರಿಕ್‌ಲಿಂಕ್ ಸ್ಟುಡಿಯೋ. ಅದೂ ಉಚಿತ. ಪರದೆಯ ಮೇಲೆ ಕಟ್ಟಬಹುದು, ಜೋಡಣೆ ಗಟ್ಟಿಯಿದೆಯಾ ನೋಡಬಹುದು, ಕೊನೆಗೆ ಯಾವ ಬಣ್ಣದ ಯಾವ ಭಾಗ ಎಷ್ಟು ಬೇಕು ಎಂಬ ಪಟ್ಟಿ ಸಿಗುತ್ತದೆ. ಕೈಯಲ್ಲಿರುವ ಸೆಟ್ಟುಗಳಿಂದ ಬೇರೆ ಏನೇನು ಕಟ್ಟಬಹುದು ಅಂತ ತಿಳಿಯಲು ರಿಬ್ರಿಕೇಬಲ್ ಇದೆ.

ಪರದೆ ಒಂದು ವಿಷಯದಲ್ಲಿ ಮೋಸ ಮಾಡುತ್ತದೆ. ಅಲ್ಲಿ ಎಲ್ಲಾ ಬಣ್ಣದಲ್ಲೂ ಎಲ್ಲಾ ಭಾಗ ಬಳಿಯಬಹುದು. ನಿಜದಲ್ಲಿ ಒಂದು ಭಾಗ ಕೆಂಪಿನಲ್ಲಿ ಬಂದೇ ಇಲ್ಲದಿರಬಹುದು, ಅಥವಾ ಯಾವುದೋ ಹಳೆಯ ಸೆಟ್ಟಿನಲ್ಲಿ ಎರಡೇ ಎರಡು ಬಂದಿರಬಹುದು. ಬೂದು ಬಣ್ಣದ್ದು ಇನ್ನೊಂದು ಪೇಚು. 2004ರ ಆಸುಪಾಸಿನಲ್ಲಿ ಕಂಪನಿ ಬೂದು ಬಣ್ಣವನ್ನು ಸ್ವಲ್ಪ ನೀಲಿಯ ಕಡೆಗೆ ಬದಲಿಸಿತು. ಹಳೆಯದನ್ನೂ ಹೊಸದನ್ನೂ ಬೆರೆಸಿ ಕಟ್ಟಿದರೆ ತೇಪೆ ಹಾಕಿದ ಅಂಗಿಯ ಹಾಗೆ ಕಾಣುತ್ತದೆ. ನನ್ನ ಬಸ್ಸಿನ ಚಾಸಿ ಹಾಗೇ ಇದೆ. ಕೆಳಗಿರುವುದರಿಂದ ಮರ್ಯಾದೆ ಉಳಿದಿದೆ.

ದುಡ್ಡಿನ ಮಾತು

ಇದು ಅಗ್ಗದ ಹವ್ಯಾಸವಲ್ಲ. ಆ ಮಾತನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಅಮೆರಿಕದ ಹವ್ಯಾಸಿಗಳಲ್ಲಿ ಒಂದು ಭಾಗಕ್ಕೆ 10 ಸೆಂಟ್ ಎಂಬ ಹಳೆಯ ಅಂದಾಜಿದೆ. ಸಿನಿಮಾ ಹೆಸರಿನ ಸೆಟ್ಟುಗಳು, ದೊಡ್ಡ ಭಾಗಗಳಿರುವ ಸೆಟ್ಟುಗಳು ಅದನ್ನು ಸುಲಭವಾಗಿ ದಾಟುತ್ತವೆ. ನನ್ನ ಬಸ್ಸಿಗೆ ಸುಮಾರು 700 ಭಾಗ ಹಿಡಿಯಿತು. ಅರ್ಧ ಮನೆಯಲ್ಲಿದ್ದ ಸೆಟ್ಟುಗಳನ್ನು ಬಿಚ್ಚಿ ತೆಗೆದದ್ದು, ಉಳಿದದ್ದು ಕೊಂಡದ್ದು. ಹೊಸ ಖರ್ಚೇ 8,000 ರೂಪಾಯಿ ದಾಟಿತು. ಅದರಲ್ಲಿ ಅಂಚೆ ಮತ್ತು ಸುಂಕದ ಪಾಲು ಇಟ್ಟಿಗೆಯ ಪಾಲಿಗೆ ಹೆಚ್ಚು ಕಡಿಮೆ ಸಮ.

ನನ್ನ ಮೊದಲ ತಕರಾರು ಇಲ್ಲಿದೆ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ 20%ರಿಂದ 60%ಕ್ಕೆ ಏರಿತು, 2023ರಲ್ಲಿ 70%ಕ್ಕೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. ಉದ್ದೇಶದ ಬಗ್ಗೆ ನನಗೆ ಜಗಳವಿಲ್ಲ. ಮಕ್ಕಳ ಬಾಯಿಗೆ ಹೋಗುವ ಕಳಪೆ ಪ್ಲಾಸ್ಟಿಕ್ಕನ್ನು ತಡೆಯಲೇಬೇಕಿತ್ತು. ಚನ್ನಪಟ್ಟಣದ ಬೊಂಬೆಯಂಥ ಭೌಗೋಳಿಕ ಗುರುತಿರುವ ಆಟಿಕೆಗಳಿಗೂ, ನೋಂದಾಯಿತ ಕುಶಲಕರ್ಮಿಗಳಿಗೂ ಬಿಐಎಸ್ ನಿಯಮದಿಂದ ವಿನಾಯಿತಿ ಕೊಟ್ಟದ್ದು ಒಳ್ಳೆಯದೇ. ಆದರೆ ಕಂಟೇನರ್‌ಗಟ್ಟಲೆ ಬರುವ ಸರಕನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ, ಒಂದು ಹಿಡಿ ಬಿಡಿಭಾಗ ತರಿಸುವ ಹವ್ಯಾಸಿಯನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತದೆ.

ಅದರ ಪರಿಣಾಮ ನೋಡಿ. ಪೆಟ್ಟಿಗೆಯ ಸೆಟ್ಟು ದುಬಾರಿಯಾದರೂ ಅಂಗಡಿಯಲ್ಲಿ ಸಿಗುತ್ತದೆ. ಗುರುಗ್ರಾಮದಲ್ಲಿ 2025ರಲ್ಲಿ ಲೆಗೊದ ಅಧಿಕೃತ ಮಳಿಗೆಯೇ ತೆರೆಯಿತು. ಕಷ್ಟ ಇರುವುದು ಬಿಡಿಭಾಗಕ್ಕೆ. ಬ್ರಿಕ್‌ಲಿಂಕ್ ಎಂಬುದು ಜಗತ್ತಿನ ಬಿಡಿಭಾಗಗಳ ಸಂತೆ. 2000ದಲ್ಲಿ ಡ್ಯಾನ್ ಜೆಜೆಕ್ ಎಂಬ ಹವ್ಯಾಸಿ ಶುರು ಮಾಡಿದ್ದು, 2019ರಲ್ಲಿ ಲೆಗೊ ಕಂಪನಿಯೇ ಕೊಂಡುಕೊಂಡಿತು. ಯುರೋಪಿನಲ್ಲಿ ಕೂತವರಿಗೆ ಅಲ್ಲಿ ಕೊಳ್ಳುವುದು ಪಕ್ಕದ ಬೀದಿಯ ಕಿರಾಣಿ ಅಂಗಡಿಗೆ ಹೋದ ಹಾಗೆ. ನಮಗೆ ಅಂಚೆ, ಸುಂಕ, ಕಾಯುವಿಕೆ ಎಲ್ಲ ಸೇರಿ ಹಬ್ಬದ ಸೀರೆ ತೆಗೆದಷ್ಟು ಯೋಚನೆ.

ಇದು ಬರೀ ದುಡ್ಡಿನ ವಿಷಯವಲ್ಲ. ಪೆಟ್ಟಿಗೆಯಲ್ಲಿ ಬರುವುದು ಬೇರೆಯವರ ಜಗತ್ತು. ಭಾರತದ್ದು ಅಂತ ಎದ್ದು ಕಾಣುವುದು ತಾಜ್ ಮಹಲ್. 2008ರಲ್ಲಿ ಬಂತು, 2017ರಲ್ಲಿ ಮರಳಿ ಬಂತು, 2021ರಲ್ಲಿ ಸಣ್ಣದೊಂದು ಬಂತು. ನಮ್ಮ ಕೆಂಪು ಬಸ್ಸು, ಹೆಂಚಿನ ಮನೆ, ರೈಲ್ವೆ ಗೇಟಿನ ಪಕ್ಕದ ಗೂಡಂಗಡಿ ಬೇಕಂದರೆ ನಾವೇ ಕಟ್ಟಬೇಕು. ಕಟ್ಟಲು ಬಿಡಿಭಾಗ ಬೇಕು. ಅದೇ ಇಲ್ಲಿ ದುಬಾರಿ.

ಸೆಟ್ಟು ಕೊಂಡಿಟ್ಟು ಹೂಡಿಕೆ ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ಮಾರಾಟ ನಿಂತ ಸೆಟ್ಟುಗಳ ಬೆಲೆ ಏರುವುದು ನಿಜ. 2008ರ ತಾಜ್ ಮಹಲ್, 5,922 ಭಾಗಗಳದ್ದು, ಮಾರುಕಟ್ಟೆಯಿಂದ ಹೋದ ಮೇಲೆ ಮರುಮಾರಾಟದಲ್ಲಿ ಆಕಾಶಕ್ಕೇರಿತ್ತು. 2017ರಲ್ಲಿ ಕಂಪನಿ ಒಂದೇ ಒಂದು ಭಾಗ ಹೆಚ್ಚಿಸಿ ಅದನ್ನೇ ಮತ್ತೆ ಬಿಟ್ಟಿತು. ಪೆಟ್ಟಿಗೆ ಒಡೆಯದೆ ಅಟ್ಟದ ಮೇಲಿಟ್ಟು ಕಾಯುತ್ತಿದ್ದವರ ಲೆಕ್ಕ ಅಲ್ಲಿಗೆ ಮುಗಿಯಿತು. ಆಡಲು ತಗೊಳ್ಳಿ.

ನಕಲಿ ಯಾವುದು, ಕಳವು ಯಾವುದು

ಈ ಪ್ರಶ್ನೆಗೆ ಎರಡು ಭಾಗವಿದೆ. ಎರಡನ್ನೂ ಬೆರೆಸುವುದರಿಂದಲೇ ಗೊಂದಲ.

ಒಂದು, ಲೆಗೊ ಜೊತೆ ಕೂಡುವ ಇಟ್ಟಿಗೆಯನ್ನು ಬೇರೆಯವರು ಮಾಡುವುದು. ಅದು ಕಾನೂನುಬದ್ಧ. ಮೂಲ ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಂಡು ಶಾಶ್ವತವಾಗಿ ಉಳಿಸಿಕೊಳ್ಳಲು ಕಂಪನಿ ಪ್ರಯತ್ನಿಸಿತು. ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ, ಯುರೋಪಿನ ನ್ಯಾಯಾಲಯ 2010ರಲ್ಲಿ ಒಪ್ಪಲಿಲ್ಲ. ಉಬ್ಬುಗಳಿರುವುದು ಜೋಡಿಸುವ ಕೆಲಸಕ್ಕೆ, ಕೆಲಸ ಮಾಡುವ ಆಕಾರಕ್ಕೆ ಪೇಟೆಂಟ್ ಮುಗಿದ ಮೇಲೆ ಟ್ರೇಡ್‌ಮಾರ್ಕಿನ ಹಿಂಬಾಗಿಲಿಲ್ಲ ಎಂಬುದು ಅದರ ಸಾರ. ಕಿಡ್ಡಿಕ್ರಾಫ್ಟ್ ನೋಡಿ ಕಲಿತ ಕಂಪನಿಗೆ ಇದು ನ್ಯಾಯವೇ ಅಂತ ನನಗನ್ನಿಸುತ್ತದೆ.

ಎರಡು, ಸೆಟ್ಟಿನ ವಿನ್ಯಾಸ, ಪೆಟ್ಟಿಗೆಯ ಚಿತ್ರ, ಕೈಪಿಡಿ ಎಲ್ಲವನ್ನೂ ಹಾಗೇ ನಕಲು ಹೊಡೆದು ಮಾರುವುದು. ಅದು ಕಳವು. ಚೀನಾದ ಲೆಪಿನ್ ಎಂಬ ಬ್ರಾಂಡು ಇದನ್ನೇ ಮಾಡಿತು. 2019ರಲ್ಲಿ ಪೊಲೀಸ್ ದಾಳಿಯಾಯಿತು, 2020ರಲ್ಲಿ ಶಾಂಘೈ ನ್ಯಾಯಾಲಯ ಮುಖ್ಯ ಆರೋಪಿಗೆ ಆರು ವರ್ಷ ಶಿಕ್ಷೆ ಕೊಟ್ಟಿತು. ಲೆಪಿನ್ ಕದ್ದದ್ದು ಕಂಪನಿಯ ಸೆಟ್ಟುಗಳನ್ನು ಮಾತ್ರವಲ್ಲ, ಸಾಮಾನ್ಯ ಹವ್ಯಾಸಿಗಳ ಸ್ವಂತ ಮಾದರಿಗಳನ್ನೂ ಪೆಟ್ಟಿಗೆಗೆ ಹಾಕಿ ಮಾರಿತು. ದೊಡ್ಡ ಕಂಪನಿಗೆ ವಕೀಲರಿದ್ದಾರೆ. ರಾತ್ರಿ ಊಟ ಮುಗಿಸಿ ತಿಂಗಳುಗಟ್ಟಲೆ ಕೂತು ಒಂದು ರೈಲು ಕಟ್ಟಿದವನಿಗೆ ಯಾರಿದ್ದಾರೆ? ಅಗ್ಗದ ಪೆಟ್ಟಿಗೆಯನ್ನು ನೋಡಿದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದೊಂದೇ: ಇಟ್ಟಿಗೆ ಯಾರದ್ದಾದರೂ ಇರಲಿ, ಇದರ ವಿನ್ಯಾಸ ಯಾರದ್ದು?

ಗುಣಮಟ್ಟದ ಬಗ್ಗೆ ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಬಸ್ಸಿಗೆಂದು ಮೊದಲು 200 ಅಗ್ಗದ ಕೆಂಪು ಪ್ಲೇಟ್ ತರಿಸಿದ್ದೆ. ಒಂದೇ ಪೊಟ್ಟಣದಲ್ಲಿ ಎರಡು ಬಗೆಯ ಕೆಂಪು. ಕೂತ ಕೂಡಲೇ ಬಿಗಿ, ಮೂರು ಸಲ ಬಿಚ್ಚಿ ಹಾಕಿದ ಮೇಲೆ ಸಡಿಲ. ಎಲ್ಲಾ ಬ್ರಾಂಡೂ ಹಾಗಲ್ಲ, ಈಚೆಗೆ ಒಳ್ಳೆಯವೂ ಬಂದಿವೆ. ಆದರೆ ಬಿಚ್ಚಿ ಮತ್ತೆ ಕಟ್ಟುವುದೇ ಈ ಆಟದ ಜೀವ. ಒಂದೇ ಸಲ ಕಟ್ಟಿ ಗಾಜಿನ ಕಪಾಟಿನಲ್ಲಿ ಇಡುವವರಿಗೆ ನಡೆಯಬಹುದು, ಬದಲಿಸುತ್ತಲೇ ಇರುವವರಿಗೆ ಕಷ್ಟ.

ಎರಡನೇ ತಕರಾರನ್ನು ಎಂಜಿನಿಯರಾಗಿ ಹೇಳುತ್ತೇನೆ. ಈ ಇಟ್ಟಿಗೆಯಲ್ಲಿ ಗುಟ್ಟೇನೂ ಉಳಿದಿಲ್ಲ. ಬೇಕಾದದ್ದು ಒಳ್ಳೆಯ ಅಚ್ಚು, ಒಳ್ಳೆಯ ಪ್ಲಾಸ್ಟಿಕ್, ತಾಳ್ಮೆಯ ತಪಾಸಣೆ. ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅದೇ ಜಿಟಿಟಿಸಿ, 1972ರಲ್ಲಿ ಶುರುವಾದದ್ದೇ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ. ಅಚ್ಚು ಮಾಡುವುದನ್ನು ಇಲ್ಲಿನ ಹುಡುಗರಿಗೆ ಕಲಿಸುವುದು ಅದರ ಕೆಲಸ. ಲೆಗೊ ಹುಟ್ಟಿದ ದೇಶವೇ ಅರ್ಧ ಶತಮಾನದ ಹಿಂದೆ ನಮ್ಮಲ್ಲಿ ಅಚ್ಚಿನ ಶಾಲೆ ಕಟ್ಟಲು ಕೈಜೋಡಿಸಿತ್ತು. 70% ಸುಂಕದ ಗೋಡೆ ಕಟ್ಟಿದ ಮೇಲೆ, ಗೋಡೆಯ ಒಳಗೆ ನಂಬಿಕೆಯಿಂದ ಕೊಳ್ಳಬಹುದಾದ ಬಿಡಿ ಇಟ್ಟಿಗೆಯೂ ಬೆಳೆಯಬೇಕಿತ್ತು. ಪೆಟ್ಟಿಗೆ ಸೆಟ್ಟು ಬೇಡ, ಕೆಂಪು 2x4 ಇಟ್ಟಿಗೆ ಕೇಜಿ ಲೆಕ್ಕದಲ್ಲಿ ಸಿಕ್ಕರೂ ಸಾಕು. ಸರ್ಕಾರಿ ಶಾಲೆಯ ಮಕ್ಕಳಿಗೂ ಆಗ ಇದು ಎಟುಕುತ್ತದೆ.

ಪ್ಲಾಸ್ಟಿಕ್ ಅಲ್ವಾ?

ಹೌದು, ಪ್ಲಾಸ್ಟಿಕ್ಕೇ. ಎಬಿಎಸ್ ಪೆಟ್ರೋಲಿಯಂ ಮೂಲದ್ದು. 2018ರಿಂದ ಗಿಡ, ಎಲೆಯಂಥ ಮೆತ್ತನೆಯ ಕೆಲವು ಭಾಗಗಳನ್ನು ಕಬ್ಬಿನಿಂದ ಬಂದ ಪಾಲಿಥಿನ್‌ನಲ್ಲಿ ಮಾಡುತ್ತಿದ್ದಾರೆ. ಹಳೆಯ ನೀರಿನ ಬಾಟಲಿಗಳ ಪ್ಲಾಸ್ಟಿಕ್ಕಿನಿಂದ ಇಟ್ಟಿಗೆ ಮಾಡುವ ಯೋಜನೆಯನ್ನು 2023ರಲ್ಲಿ ಕೈಬಿಟ್ಟರು. ಹೊಸ ಯಂತ್ರಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಇಂಗಾಲದ ಹೊರೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ ಎಂಬ ಕಾರಣಕ್ಕೆ. ನನ್ನ ಸಮಾಧಾನ ಒಂದೇ: ಇದು ಬಿಸಾಡುವ ಪ್ಲಾಸ್ಟಿಕ್ ಅಲ್ಲ. ಅಜ್ಜಿ ಕಾಲದ ಹಿತ್ತಾಳೆ ಪಾತ್ರೆಯ ಹಾಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಬಲ್ಲದು. ಆ ಮಾತು ನಿಜವಾಗಬೇಕಾದರೆ ಹಳೆಯದನ್ನು ಕೊಳ್ಳಬೇಕು, ಬಳಸಿ ಆದ ಮೇಲೆ ಕೊಡಬೇಕು. ಕಪಾಟು ತುಂಬಿಸುವುದಕ್ಕೇ ಕೊಳ್ಳುತ್ತಾ ಹೋದರೆ ಈ ಸಮಾಧಾನವೂ ಸುಳ್ಳು.

ಶುರು ಮಾಡುವವರಿಗೆ

ಮೊದಲ ಸಲಕ್ಕೆ ಸಾವಿರಾರು ಭಾಗಗಳ ಅರಮನೆ ಬೇಡ. ಒಂದೇ ಪೆಟ್ಟಿಗೆಯಿಂದ ಮೂರು ಮಾದರಿ ಕಟ್ಟಬಹುದಾದ ಕ್ರಿಯೇಟರ್ ಸೆಟ್ಟು ತಗೊಳ್ಳಿ. ಮೂರನ್ನೂ ಕಟ್ಟಿ, ಆಮೇಲೆ ಕೈಪಿಡಿ ಮುಚ್ಚಿಟ್ಟು ನಾಲ್ಕನೆಯದನ್ನು ಕಟ್ಟಲು ನೋಡಿ. ಅಲ್ಲಿಂದ ಹವ್ಯಾಸ ಶುರು.

ಕೈಪಿಡಿ ನೋಡಿ ಕಟ್ಟುವುದು ಕೀಳಲ್ಲ. ವಿನ್ಯಾಸಕಾರರು ಮೂಲೆಯನ್ನು ಹೇಗೆ ತಿರುಗಿಸಿದರು, ಭಾರವನ್ನು ಎಲ್ಲಿ ಹೊರಿಸಿದರು ಅಂತ ಗಮನಿಸುತ್ತಾ ಕಟ್ಟಿದರೆ ಪ್ರತಿ ಸೆಟ್ಟೂ ಒಂದು ಪಾಠ.

ಭಾಗಗಳನ್ನು ಬಣ್ಣದ ಪ್ರಕಾರ ಅಲ್ಲ, ಆಕಾರದ ಪ್ರಕಾರ ವಿಂಗಡಿಸಿ. ಕೆಂಪಿನ ರಾಶಿಯಲ್ಲಿ ಒಂದು ಸಣ್ಣ ಕೆಂಪು ಭಾಗ ಹುಡುಕುವುದು ಅಕ್ಕಿಯಲ್ಲಿ ಬಿಳಿ ಕಲ್ಲು ಆರಿಸಿದ ಹಾಗೆ. ಆಕಾರದ ರಾಶಿಯಲ್ಲಿ ಬಣ್ಣ ತಾನೇ ಕಣ್ಣಿಗೆ ಬೀಳುತ್ತದೆ. ಮೂಲಂಗಡಿಯ ಪ್ಲಾಸ್ಟಿಕ್ ಡಬ್ಬಿಗಳು ಧಾರಾಳ ಸಾಕು.

ಹಲ್ಲಿನಿಂದ ಬಿಡಿಸಬೇಡಿ. ಅದಕ್ಕೆಂದೇ ಒಂದು ಸಣ್ಣ ಸನ್ನೆಕೋಲು ಬರುತ್ತದೆ, ಬ್ರಿಕ್ ಸೆಪರೇಟರ್ ಅಂತ. ತೊಳೆಯುವುದಾದರೆ 40 ಡಿಗ್ರಿ ದಾಟದ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು. ಕಿಟಕಿ ಪಕ್ಕ ಬಿಸಿಲಿಗೆ ಇಡಬೇಡಿ, ಬಿಳಿ ಹಳದಿಯಾಗುತ್ತದೆ. ಮನೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳಿದ್ದರೆ ಸಣ್ಣ ಭಾಗಗಳನ್ನು ಎತ್ತರದಲ್ಲಿಡಿ. ಅವರಿಗೆ ಡ್ಯೂಪ್ಲೊ ಇದೆ.

ಸ್ವಂತ ಮಾದರಿ ಚೆನ್ನಾಗಿ ಬಂದರೆ ಲೆಗೊ ಐಡಿಯಾಸ್‌ಗೆ ಕಳಿಸಬಹುದು. 2008ರಲ್ಲಿ ಜಪಾನಿನಲ್ಲಿ ಕೂಸೂ ಎಂಬ ಹೆಸರಿನಲ್ಲಿ ಶುರುವಾದ ವ್ಯವಸ್ಥೆ ಇದು. 10,000 ಜನರ ಬೆಂಬಲ ಸಿಕ್ಕರೆ ಕಂಪನಿ ಪರಿಶೀಲಿಸುತ್ತದೆ, ಸೆಟ್ಟಾಗಿ ಬಂದರೆ ನಿವ್ವಳ ಮಾರಾಟದ 1% ವಿನ್ಯಾಸ ಮಾಡಿದವರಿಗೆ. 2017ರಲ್ಲಿ ಬಂದ ಅಪೊಲೊ ಸ್ಯಾಟರ್ನ್ 5 ರಾಕೆಟ್ ಈ ದಾರಿಯಲ್ಲೇ ಬಂದದ್ದು. ಅದರಲ್ಲಿ ಸರಿಯಾಗಿ 1,969 ಭಾಗಗಳು, ಚಂದ್ರನ ಮೇಲೆ ಕಾಲಿಟ್ಟ ವರ್ಷದಷ್ಟು.

ಬಾಗಿಲು ಎಡಕ್ಕೆ

ಬಾಗಿಲು ಬದಲಿಸುವುದು ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಬಾಗಿಲು ಎಡಕ್ಕೆ ಬಂದರೆ ಸ್ಟೀರಿಂಗ್ ಬಲಕ್ಕೆ ಹೋಗಬೇಕು, ತುರ್ತು ಬಾಗಿಲು ಆ ಕಡೆಗೆ, ಸೀಟಿನ ಸಾಲು ಅದಲುಬದಲು. ಅರ್ಧ ಬಸ್ಸು ಬಿಚ್ಚಬೇಕಾಯಿತು. ಅಪ್ಪ ಊರಿಗೆ ಹೊರಡಲು ಇನ್ನೂ ಎರಡು ದಿನ ಇತ್ತು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಮೊದಲ ದಿನ ಬರೀ ಮಾತು: ಹಿಂದಿನ ಸ್ಪ್ರಿಂಗ್ ಪಟ್ಟಿ ಹೀಗಿರಲ್ಲ, ಸ್ಟೆಪ್ನಿ ಇಲ್ಲಿ ಬರುತ್ತೆ, ಏಣಿ ಇನ್ನೂ ಸ್ವಲ್ಪ ಆ ಕಡೆ. ಎರಡನೇ ದಿನ ಡಬ್ಬಿಯಿಂದ ತಾವೇ ಭಾಗ ಹುಡುಕಿ ಕೊಡತೊಡಗಿದರು. ಮೂವತ್ತು ವರ್ಷದ ಕೆಲಸದ ಬಗ್ಗೆ ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅಂದರೆ, ಪ್ರಶ್ನೆಯನ್ನೇ ಕೇಳಿರಲಿಲ್ಲ.

ಹೊರಡುವ ಬೆಳಿಗ್ಗೆ ಬಸ್ಸಿನ ಕೆಳಭಾಗ ತಿರುಗಿಸಿ ಚಾಸಿಯ ಎರಡು ಬಗೆಯ ಬೂದು ನೋಡಿದರು. ಇದನ್ನೂ ಹಿಡಿದುಬಿಟ್ಟರಲ್ಲ ಅಂದುಕೊಂಡೆ.

"ಇದು ಸರಿಯಾಗಿದೆ ಕಣೋ," ಅಂದರು. "ನಮ್ಮ ಡಿಪೋದಲ್ಲೂ ಹೀಗೇ, ಕೈಗೆ ಸಿಕ್ಕಿದ ಪಾರ್ಟು ಹಾಕಿ ಗಾಡಿ ಬಿಡ್ತಿದ್ವಿ."